ತೊಟ್ಟಿಯಲ್ಲಿದ್ದ ನಕ್ಷತ್ರ ಆಮೆ

ಮಕ್ಕಳೇ, ನೀವು ಫೋಟೊದಲ್ಲಿ ನೋಡಿ ಯಾರೆಂದು ಕೇಳಿದ ಹುಡುಗಿ ಒಂದು ವರ್ಷ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದಳು. ನಕ್ಷತ್ರ ಆಮೆಗಳ ಬೆನ್ನಿಗೆ ಪುಟ್ಟ ರೇಡಿಯೊ ಅಂಟಿಸಿ, ಯಾವ ಕಾಲದಲ್ಲಿ ಅವು ಎಲ್ಲೆಲ್ಲಿ ಓಡಾಡುತ್ತವೆ ಎಂದು ನೋಡುವುದೇ ಅವಳ ಓದು. ಕೋಟೆ ತಾಲ್ಲೂಕಿನ ನಮ್ಮ ಕುರುಚಲು ಕಾಡಿನಲ್ಲಿ ಒಂಟಿ ಹೆಣ್ಣು ಅಲೆಯುವುದು ಬೇಡವೆಂದು ನಾನೂ ಜೊತೆಗೆ ಹೋಗುತ್ತಿದ್ದೆ. ನನಗೆ ಮಾತು ಕಡಿಮೆ. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಅವಳ ಕೈಯಲ್ಲಿದ್ದ ಪೆಟ್ಟಿಗೆ ಆಮೆಯ ರೇಡಿಯೊದ ಸುಳಿವು ಹಿಡಿದು ಟಿಕ್ ಟಿಕ್ ಎನ್ನುವುದು, ಸದ್ದು ಜೋರಾದ ಕಡೆಗೆ ನಾವು ನಡೆಯುವುದು.

ಮಳೆಗಾಲದಲ್ಲಿ ಆಮೆಗಳು ಹುರುಳಿ ಹೊಲದ ಬದುವಿನವರೆಗೂ ಬಂದು ಎಳೆ ಹುಲ್ಲು ಮೇಯುತ್ತಿದ್ದವು. ಬೇಸಿಗೆಯಲ್ಲಿ ಲಂಟಾನ ಪೊದೆಯ ಬುಡ ಬಿಟ್ಟು ಕದಲುವುದು ಅಪರೂಪ. ಅವುಗಳಲ್ಲಿ ಒಂದು ದೊಡ್ಡ ಹೆಣ್ಣಾಮೆಯ ಮೇಲೆ ನನಗೆ ಅಕ್ಕರೆ ಹೆಚ್ಚು.

ಒಂದು ಬೇಸಿಗೆಯ ಬೆಳಿಗ್ಗೆ ಅದರ ಸದ್ದು ನನ್ನ ವಾರಗಿತ್ತಿಯ ಬೋರ್‌ವೆಲ್ ಹತ್ತಿರದಿಂದ ಬಂತು. ಹೋಗಿ ನೋಡಿದರೆ, ದನಗಳ ನೀರಿನ ಸಿಮೆಂಟ್ ತೊಟ್ಟಿಯಲ್ಲಿ ಆಮೆ ಗೋಡೆ ಕೆರೆಯುತ್ತಿತ್ತು. ಮೂಗು ಮಾತ್ರ ಮೇಲಿತ್ತು. ನಾನು ಸೆರಗು ಸಿಕ್ಕಿಸಿ ತೊಟ್ಟಿಗಿಳಿದು ಅದನ್ನು ಹುಡುಗಿಯ ಕೈಗೆ ಎತ್ತಿಕೊಟ್ಟೆ.

ವಾರಗಿತ್ತಿ ಸಗಣಿ ಮಂಕರಿ ಇಳಿಸಿ ಬಂದಳು. "ನಾನೇ ಬುಟ್ಟಿದ್ದು ಕಣಮ್ಮಿ. ಬಿಸಿಲಲ್ಲಿ ಬೇಯ್ತಾ ಬಿದ್ದಿತ್ತು, ಪಾಪ."

ಬಾವಿಗೆ ಆಮೆ ಬಿಟ್ಟರೆ ನೀರು ಚೊಕ್ಕಟವಾಗಿರುತ್ತದೆಂದು ನಂಬಿ ಬೆಳೆದವರು ನಾವೆಲ್ಲ.

"ಅಕ್ಕಾ, ಇದು ನೆಲದ ಆಮೆ. ಇದಕ್ಕೆ ಈಜು ಬರಲ್ಲ," ಎಂದಳು ಹುಡುಗಿ.

"ಆಮೆಗೆ ಈಜು ಬರಲ್ವಂತೆ! ನಾಳೆ ಮೀನಿಗೂ ಬರಲ್ಲ ಅಂತೀಯ ಬುಡು."

ಹುಡುಗಿ ಆಮೆಯನ್ನು ತಲೆ ಕೆಳಗಾಗಿ ಹಿಡಿದಳು. ಬಾಯಿಂದ ನೀರು ಇಳಿಯಿತು. ನೆರಳಿನಲ್ಲಿ ಗೋಣಿಚೀಲದ ಮೇಲೆ ಮಲಗಿಸಿದಾಗ ಅದು ಅಲ್ಲಾಡಲಿಲ್ಲ.

ವಾರಗಿತ್ತಿಯ ನಗು ನಿಂತಿತು. "ಸತ್ತೋಯ್ತೇನವ್ವ?"

"ಗೊತ್ತಿಲ್ಲಕ್ಕಾ. ಕಾಯಬೇಕು."

ಮಧ್ಯಾಹ್ನ ವಾರಗಿತ್ತಿ ಮುದ್ದೆ ಅಲ್ಲಿಗೇ ತಂದಳು. ತಾನು ಮಾತ್ರ ತಿನ್ನದೆ, ಬೇವಿನ ಸೊಪ್ಪು ಹಿಡಿದು ಆಮೆಯ ಮೇಲೆ ಕೂರುವ ನೊಣ ಓಡಿಸುತ್ತ ಕುಳಿತಳು. ಬಿಸಿಲು ಇಳಿಯುವಾಗ ಹಿಂಗಾಲು ಆಡಿತು. ಸ್ವಲ್ಪ ಹೊತ್ತಿಗೆ ತಲೆಯೂ ಹೊರಬಂತು.

"ಎದ್ಲು ಕಣಮ್ಮಿ ನಿನ್ ಗೆಳತಿ!" ಎಂದಳು ನನ್ನ ಕಡೆ ತಿರುಗಿ.

ಅದಕ್ಕೆ ಪರಿಚಯವಿರುವ ಪೊದೆಗೇ ಬಿಡಬೇಕೆಂದಳು ಹುಡುಗಿ. ವಾರಗಿತ್ತಿ ಅದನ್ನು ಮಡಿಲಲ್ಲಿಟ್ಟುಕೊಂಡು ತಾನೇ ಹೊತ್ತಳು. ದಾರಿಯಲ್ಲಿ ಅದು ಉಚ್ಚೆ ಹೊಯ್ದು ಅವಳ ಸೀರೆ ನೆನೆಸಿತು. ಆದರೂ ಕೆಳಗಿಳಿಸಲಿಲ್ಲ.

ಮರುದಿನ ನಾವು ಹೊರಡುವ ಮೊದಲೇ ಅವಳು ಬಾಗಿಲಲ್ಲಿ ನಿಂತಿದ್ದಳು. "ಎಲ್ಲೈತೆ ನೋಡ್ರವ್ವ, ಆ ಪೆಟ್ಗೆ ಏನಂತದೆ?"

ಹೊಲದ ಬದುವಿನಲ್ಲಿ ಹುಡುಗಿ ಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟಳು. ಸದ್ದು ಪೊದೆಯ ಕಡೆಯಿಂದಲೇ ಬರುತ್ತಿತ್ತು, ಆದರೆ ನಿನ್ನೆ ಬಿಟ್ಟ ಜಾಗದಿಂದ ಅಲ್ಲ. ಇನ್ನಷ್ಟು ಒಳಗಿನಿಂದ. ಅದು ತಾನಾಗಿಯೇ ನಡೆದು ಹೋಗಿತ್ತು.