ಹಲ್ಕಾ ಬೂಟು

ಹೋದ ವರ್ಷ ಒಂದೇ ಒಂದು ಹೆಜ್ಜೆಯಲ್ಲಿ ನಾಲ್ಕನೆಯವಳಾಗಿದ್ದೆ. ಮೂವರಿಗೆ ಪದಕ, ನನಗೆ ಚಪ್ಪಾಳೆ. ಚಪ್ಪಾಳೆ ಯಾರಿಗೆ ಬೇಕು! ಈ ಸಲ ನಮ್ಮ ವಿಮಾ ಕಚೇರಿಗಳ ಕ್ರೀಡಾಕೂಟ ವಡೋದರಾದಲ್ಲಿ. ಸಾವಿರದೈನೂರು ಮೀಟರ್ ಓಟದಲ್ಲಿ ಪದಕವಿಲ್ಲದೆ ಅಹಮದಾಬಾದಿಗೆ ಮರಳುವುದಿಲ್ಲ ಎಂದು ಹಟ ತೊಟ್ಟಿದ್ದೆ. ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ನನಗೆ ಅದೂ ಬೇಡವಾಗಿತ್ತು, ಬೇಕಾದದ್ದು ಬೂಟು.

ದಿನಾ ಹಾಕುವ ಬೂಟು ಗಟ್ಟಿಮುಟ್ಟಾಗಿತ್ತು, ಆದರೆ ಜೋರು ಓಟದ ದಿನ ಕಾಲಿಗೆ ಇಟ್ಟಿಗೆ ಕಟ್ಟಿದ ಹಾಗೆ. ಒಂದು ಭಾನುವಾರ ಬೆಳಿಗ್ಗೆ, ನನ್ನ ಹಾಗೇ ಧಾರವಾಡದ ಕಡೆಯವಳಾದ ರೂಮ್‌ಮೇಟನ್ನು ಎಳೆದುಕೊಂಡು ಸ್ಯಾಟಲೈಟ್ ಬಡಾವಣೆಯ ಬೂಟಿನಂಗಡಿಗೆ ನುಗ್ಗಿದೆ.

“ಕಾಕಾ, ಹಲ್ಕಾ ಶೂಸ್ ದಿಖಾಯಿಯೇ.” ಹಗುರ ಬೂಟು ತೋರಿಸಿ ಎಂದು ಕೇಳಿದ ನನ್ನ ಹಿಂದಿಯ ಮೇಲೆ ನನಗೇ ಹೆಮ್ಮೆ.

ಅಂಗಡಿಯ ಮುದುಕರ ಮುಖ ಗಂಟಾಯಿತು. “ಬೆನ್, ಹಲ್ಕಾ ಮಾಲ್ ಹಮ್ ನಹೀಂ ರಖ್ತೇ.”

ಗೋಡೆ ತುಂಬ ಬೂಟು ಜೋಡಿಸಿಟ್ಟುಕೊಂಡು ಇಲ್ಲ ಎನ್ನುವುದೇ? ಪಿತ್ತ ನೆತ್ತಿಗೇರಿತು. “ಏನ್ ಸೊಕ್ಕ ನೋಡ ಈ ಮುದುಕಗ! ನಡಿ,” ಎಂದು ಮೆಟ್ಟಿಲಿಳಿದೆ. ರೂಮ್‌ಮೇಟ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಏ ಹುಚ್ಚಿ, ಗುಜರಾತಿಯೊಳಗ ಹಲ್ಕಾ ಅಂದ್ರ ಕಳಪೆ ಅಂತನೂ ಅರ್ಥ ಐತಿ. ನಮ್ಮೂರಾಗ ಯಾರಿಗರ ಹಲ್ಕಾ ಅಂದ್ ನೋಡು, ಹಲ್ಲ ಉಳೀತಾವೇನ?”

ಅಯ್ಯಯ್ಯೋ! ಮತ್ತೆ ಮೆಟ್ಟಿಲು ಹತ್ತಿ, “ವಜನ್ ಮೇಂ ಕಮ್, ಕಾಕಾ,” ಎಂದು ನಿಂತಲ್ಲೇ ಓಡಿ ತೋರಿಸಿದೆ. ಕಾಕಾ ಹಣೆ ಚಚ್ಚಿಕೊಂಡು ನಕ್ಕರು. “ಎಮ್ ಬೋಲೋ ನೇ! ಹಳ್ವಾ ಬೂಟ್!” ಬೂಟು ಕೇಳಿದರೆ ಹಲ್ವಾ ಎನ್ನುತ್ತಾರಲ್ಲ ಎಂದು ಕಣ್ಣುಕಣ್ಣು ಬಿಟ್ಟೆ. ಹಗುರಕ್ಕೆ ಅಲ್ಲಿಯ ಮಾತೇ ಅದಂತೆ.

ಕೆಳಗೆ ರದ್ದಿ ಪೇಪರಿನಂಗಡಿಯಿತ್ತು. ಕಾಕಾ ಅದರ ತಕ್ಕಡಿಯ ಒಂದು ತಟ್ಟೆಗೆ ನನ್ನ ಹಳೇ ಬೂಟು, ಇನ್ನೊಂದಕ್ಕೆ ಹೊಸದು ಇಟ್ಟರು. ನನ್ನದು ಧಡ್ ಎಂದು ಕೂತಿತು, ಹೊಸದು ಮೇಲಕ್ಕೆ ಹಾರಿತು. ಬರಿಗಾಲಲ್ಲಿ ರಸ್ತೆಯಲ್ಲೇ ಕುಣಿದುಬಿಟ್ಟೆ. “ರೋಜ್ ನಹೀಂ ಪಹೆನ್ನಾ,” ಎಂದು ಕಾಕಾ ಬೆರಳಾಡಿಸಿದರು. ತಳ ತೆಳು, ಜೋರು ಓಟದ ದಿನ ಮಾತ್ರ ಹಾಕಬೇಕು, ಮಿಕ್ಕ ದಿನ ಹಳೆಯದೇ.

ಹಾಗೇ ಮಾಡಿದೆ. ವಾರಕ್ಕೆ ಎರಡೇ ಬೆಳಿಗ್ಗೆ ಹೊಸ ಬೂಟು ವಸ್ತ್ರಾಪುರದ ಕೆರೆ ಸುತ್ತುತ್ತಿತ್ತು, ಆ ಎರಡು ದಿನಕ್ಕಾಗಿ ನಾನು ಕಾಯುತ್ತಿದ್ದೆ. ವಡೋದರಾದಲ್ಲಿ ಕೊನೆಯ ತಿರುವಿನವರೆಗೂ ನಾನು ಮತ್ತೆ ನಾಲ್ಕನೆಯವಳೇ. ಕಣ್ಣೆದುರು ಮೂರನೆಯವಳ ಜಡೆ ಕುಣಿಯುತ್ತಿತ್ತು. ಏನಾದರಾಗಲಿ ಎಂದು ನುಗ್ಗಿದೆ. ಗೆರೆ ದಾಟುವಾಗ ಎದುರಿಗೆ ಆ ಜಡೆ ಇರಲಿಲ್ಲ!

ಮರುದಿನವೇ ಹಲ್ವಾ ಡಬ್ಬಿ ಹಿಡಿದು ಅಂಗಡಿಗೆ ಓಡಿದೆ. “ಕಾಕಾ, ಯೇ ಖಾನೇ ವಾಲಾ ಹಲ್ವಾ!” ಕಾಕಾ ನನ್ನ ಕಂಚಿನ ಪದಕ ಇಸಿದುಕೊಂಡು, ಕೆಳಗಿಳಿದು, ಅದೇ ತಕ್ಕಡಿಗೆ ಹಾಕಿದರು. ತಟ್ಟೆ ಒಂದಿಷ್ಟು ಅಲುಗಿತು, ಅಷ್ಟೇ.

“ಆ ತೋ ಬಹು ಭಾರೇ ಛೇ, ಬೆನ್!” ಎಂದರು.

ಭಾರೇ ಎಂದರೆ ಅವರಲ್ಲಿ ತೂಕದ್ದು. ನಮ್ಮ ಧಾರವಾಡದಲ್ಲಿ ಭಾರೀ ಎಂದರೆ ಬಲು ಸೊಗಸು ಎಂದು ಹೇಳಬೇಕೆಂದುಕೊಂಡವಳು, ಹಲ್ವಾ ಡಬ್ಬಿ ಬಿಚ್ಚಿ ಅವರ ಮುಂದೆ ಹಿಡಿದೆ.