ನೆಲದಿಂದ ಏಳುವ ಪಾಠ

ಹದಿಮೂರು ಮಂಚಗಳ ಮೇಲೆ ಹದಿಮೂರು ಮಂದಿ ಕಾಲು ಇಳಿಬಿಟ್ಟು ಕೂತಿದ್ದರು. ಒಬ್ಬರ ಪಾದವೂ ನೆಲ ಮುಟ್ಟುತ್ತಿರಲಿಲ್ಲ. ಅರಸೀಕೆರೆಯ ವೃದ್ಧಾಶ್ರಮದಲ್ಲಿ ನಾನು ಮೊದಲು ಕಂಡದ್ದು ಇದನ್ನೇ. ಧಾರವಾಡದ ನಮ್ಮ ಓಣಿಯಲ್ಲಿ ಸಂಜೆಯಾದರೆ ಮುದುಕಿಯರೆಲ್ಲ ಮನೆ ಮುಂದಿನ ಕಟ್ಟೆಗೆ ಬರುತ್ತಾರೆ. ಇಲ್ಲಿ ಬಿದ್ದಾರೆಂಬ ಭಯಕ್ಕೆ ಯಾರನ್ನೂ ಕೆಳಗಿಳಿಸುತ್ತಿರಲಿಲ್ಲ. ಅವರನ್ನು ನಡೆಸುವುದು ನನ್ನ ಕೆಲಸ. ಎರಡು ವರ್ಷದ ಕರಾರು. ಮುಗಿಯುವ ತನಕ ನನ್ನ ಫಿಸಿಯೋಥೆರಪಿ ಪದವಿಪತ್ರ ಮ್ಯಾನೇಜರರ ಬೀರುವಿನಲ್ಲಿ.

ಆಶ್ರಮದ ಹಿಂಬದಿಯ ಕೋಣೆಯೇ ನನ್ನ ಮನೆಯಾಯಿತು. ಜೋಳದ ರೊಟ್ಟಿಯಿಲ್ಲ, ಎರಡು ಹೊತ್ತೂ ಮುದ್ದೆ. ‘ಒಸಿ’ ಎಂದರೆ ಸ್ವಲ್ಪ ಎಂದು ಕಲಿತೆ. ಸಂಜೆ ಏಳು ಗಂಟೆಗೆ ಗೇಟಿಗೆ ಬೀಗ, ನಾನೂ ಒಳಗೆ.

ಮಾದಿಹಳ್ಳಿಯ ಜಯಮ್ಮನವರು ನನ್ನ ಎರಡನೇ ವರ್ಷದಲ್ಲಿ ಕಾಲು ಮುರಿದು ಬಂದವರು. ಆರು ವಾರ ಕಂಬಿ ಹಿಡಿಸಿ ನಡೆಸಿದೆ. ವರಾಂಡದ ತುದಿಯವರೆಗೆ ಅವರು ಸರಾಗವಾಗಿ ನಡೆದದ್ದು ನನಗೆ ನೆನಪಿದೆ. ಅಂದಿನ ನನ್ನ ದಿನಚರಿಯಲ್ಲಿ ಮಾತ್ರ ‘ಹದಿನೆಂಟು ಹೆಜ್ಜೆ, ಎರಡು ಸಲ ನಿಂತರು’ ಎಂದಿದೆ. ಗೆದ್ದ ಹುಮ್ಮಸ್ಸಿನಲ್ಲಿ, ಮನೆಗೆ ಹೋಗಬಹುದೆಂದು ಬರೆದುಕೊಟ್ಟೆ.

ನಾಲ್ಕನೇ ದಿನ ಮಗ ವಾಪಸು ಕರೆತಂದ.

“ನಡೀತಾರೆ ಮೇಡಂ, ಇಲ್ಲ ಅನ್ನಲ್ಲ. ಕಕ್ಕಸಲ್ಲಿ ಕುಂತ್ರೆ ಏಳಕ್ಕಾಗಲ್ಲ. ಅವ್ರಷ್ಟಕ್ಕೆ ಅವ್ರು ಏಳಂಗಾಗ್ಲಿ, ಅವತ್ತೇ ಕರ್ಕೊಂಡೋಯ್ತೀನಿ.”

“ಸೊಸೆ ಕೈಲಿ ಎತ್ತುಸ್ಕಬೇಕಾಯ್ತು ಕಣವ್ವ,” ಎಂದರು ಜಯಮ್ಮ, ಗೋಡೆ ನೋಡುತ್ತ.

ನಾನು ಓದಿದ ಪುಸ್ತಕಗಳಲ್ಲಿ ಎಲ್ಲರೂ ಕುರ್ಚಿಯಿಂದ ಏಳುತ್ತಿದ್ದರು. ಜಯಮ್ಮನವರ ಮನೆಯಲ್ಲಿ ಊಟ, ನಿದ್ದೆ ಎಲ್ಲವೂ ನೆಲದ ಮೇಲೆ. ನಮ್ಮ ಮನೆಯಲ್ಲೂ ಹಾಗೆಯೇ. ಆದರೂ ನೆಲದಿಂದ ಏಳಬಲ್ಲಿರಾ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಅಡುಗೆಮನೆಯಿಂದ ಊಟದ ಮಣೆಗಳನ್ನು ತಂದು ಒಂದರ ಮೇಲೊಂದು ಪೇರಿಸಿದೆ. “ಬಿದ್ರೆ ನಿಮ್ಮ ತಲೆಗೇ ಬರೋದು” ಎಂದರು ಮ್ಯಾನೇಜರ್. ಮಣೆಯ ಮೇಲೆ ಕೂರಿಸುವುದು, ಏಳಿಸುವುದು. ಸಲೀಸಾದಂತೆ ಒಂದೊಂದೇ ಮಣೆ ತೆಗೆಯುವುದು.

ಕರಾರು ಮುಗಿದು ಪದವಿಪತ್ರ ಕೈಗೆ ಬಂದ ವಾರವೇ ಕೊನೆಯ ಮಣೆಯನ್ನೂ ತೆಗೆದೆ. ಜಯಮ್ಮ ಬರಿ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ನನ್ನ ಭುಜ ಹಿಡಿದು ಎದ್ದರು.

“ಅಜ್ಜಿ, ಈಗ ಕೈ ಬಿಟ್ಟು ಏಳ್ರಿ.”

ಮೂರು ಸಲ ಪ್ರಯತ್ನಿಸಿದರು. ಆಗಲಿಲ್ಲ.

“ನೀವು ಊರಿಗೋಗ್ರವ್ವ,” ಎಂದರು ಏದುಸಿರಿನಲ್ಲಿ, “ಆ ಭುಜ ಒಂದ್ನ ಇಲ್ಲೇ ಬಿಟ್ಟೋಗಿ.”

ಇಬ್ಬರೂ ನಕ್ಕೆವು. ಯಾವತ್ತು ಬರುತ್ತೀ ಎಂದು ಧಾರವಾಡದಿಂದ ಅವ್ವ ಪತ್ರ ಬರೆದಿದ್ದಾಳೆ. ಉತ್ತರಿಸಿಲ್ಲ. ನಾಳೆ ಬೆಳಿಗ್ಗೆ ಮತ್ತೆ ನೋಡೋಣವೆಂದು ಜಯಮ್ಮನವರಿಗೆ ಹೇಳಿದ್ದೇನೆ. ಅದು ಅವರ ಮೇಲಿನ ಅಕ್ಕರೆಯೋ, ಹೊರಡಲಾರದ ನನ್ನದೇ ನೆಪವೋ, ಇದನ್ನು ಬರೆಯುವಾಗಲೂ ತಿಳಿಯುತ್ತಿಲ್ಲ.