ನೋವಿಲ್ಲದ ಮಂಡಿ

ನನ್ನ ಬಲ ಮಂಡಿಗೆ ಯಾವತ್ತೂ ಏನೂ ಆಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಳಬಾಗಿಲಿನಲ್ಲಿ ನನ್ನನ್ನು ಬಲ್ಲವರು ಇವತ್ತಿಗೂ ನಾನು ಬಸ್ಸು ಹತ್ತುವಾಗ ಮೊಣಕೈ ಹಿಡಿದು ಹತ್ತಿಸುತ್ತಾರೆ.

ನನಗೆ ಫುಟ್‌ಬಾಲ್ ಕಲಿಸಿದವರು ಒಬ್ಬ ದರ್ಜಿ. ಪೇಟೆ ಬೀದಿಯಲ್ಲಿ ಒಂದೇ ಬಾಗಿಲಿನ ಅಂಗಡಿ ಅವರದು. ಮನೆಯವರ ಜೊತೆ ದಖ್ಖನಿ, ಗಿರಾಕಿಗಳ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ನಾವೆಲ್ಲ ಮಾಸ್ಟರ್ ಎನ್ನುತ್ತಿದ್ದೆವು. ಬೇಸಿಗೆಯಲ್ಲಿ ದೇವರಾಯಸಮುದ್ರದ ಕೆರೆ ಬತ್ತಿದ ಮೇಲೆ ಅದರ ಅಂಗಳವೇ ಮೈದಾನ. ಇಟ್ಟಿಗೆ ಗೂಡಿನ ಬೂದಿ ತಂದು ಗೆರೆ ಎಳೆಯುತ್ತಿದ್ದೆವು. ಮಾಲೂರಿನಿಂದ ಹೆಂಚಿನ ಕಾರ್ಖಾನೆಯವರು ಬರುತ್ತಿದ್ದರು, ಶ್ರೀನಿವಾಸಪುರದಿಂದ ಮಾವಿನ ತೋಟದವರು, ಕೋಲಾರದಿಂದ ಕಾಲೇಜಿನವರು. ಬಾರದೆ ಇದ್ದವರು ಅಂದರೆ ರೆಫ್ರಿ ಮಾತ್ರ. ಎರಡೂ ಊರಿನವರು ಒಪ್ಪುವ ಮನುಷ್ಯ ಆ ಸುತ್ತಿನಲ್ಲಿ ಹುಟ್ಟಿರಲಿಲ್ಲ.

ಅದಕ್ಕೇ ಒಂದು ಪದ್ಧತಿ ಇತ್ತು. ಚೆಂಡು ಯಾರ ಕೈಗೆ ತಗುಲಿತೋ ಅವನೇ ಕೈ ಎತ್ತಿ ನಿಂತುಬಿಡಬೇಕು. ಆಟ ಅಲ್ಲಿಗೇ ನಿಲ್ಲುತ್ತಿತ್ತು. ಎತ್ತದೆ ಇದ್ದರೆ ಬದುವಿನ ಮೇಲೆ ಕೂತ ಶ್ರೀನಿವಾಸಪುರದವರು "ಚೆಯ್ಯಿ ಎತ್ತರಾ" ಎಂದು ತೆಲುಗಿನಲ್ಲಿ ಕೂಗಿ ಮಾನ ಕಳೆಯುತ್ತಿದ್ದರು. ಮಾಸ್ಟರ್ ಕೂಗುತ್ತಿರಲಿಲ್ಲ. ಆಟ ಮುಗಿದ ಮೇಲೆ ಟೀ ಕೊಡುವಾಗ ಅವನ ಲೋಟವೊಂದನ್ನು ತುಂಬಿಸದೆ ಮುಂದೆ ಹೋಗುತ್ತಿದ್ದರು. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಸಲ ನನಗೂ ಹಾಗೆ ಆಯಿತು. ಮಾರನೇ ದಿನ ಅಂಗಡಿಗೆ ಹೋಗಿ ಮುಖ ಊದಿಸಿಕೊಂಡು ನಿಂತೆ. ಅವರು ಗುಂಡಿ ಹೊಲಿಯುತ್ತಲೇ ಹೇಳಿದರು: "ತಗುಲಿದ್ದು ನಿನಗೆ ಗೊತ್ತಾಗತ್ತೆ ಕಣೋ. ಮಿಕ್ಕಿದ್ದೋರಿಗೆ ಗೊತ್ತಾಗ್ಲಿ ಅಂತ ಯಾಕ್ ಕಾಯ್ತೀಯ?"

ಅವತ್ತಿನಿಂದ ನನ್ನ ಕೈ ನನ್ನನ್ನು ಕೇಳದೆಯೇ ಏಳುವುದನ್ನು ಕಲಿಯಿತು.

ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಒಂದು ಕಾರ್ಖಾನೆ ತಂಡದಲ್ಲಿ ಆಡುತ್ತಿದ್ದಾಗ, ಮಾಲ್ಡೀವ್ಸ್‌ನ ಎರಡನೇ ದರ್ಜೆಯ ಕ್ಲಬ್ಬೊಂದು ನನ್ನನ್ನು ಕರೆಯಿತು. ಹೊರದೇಶದ ಆಟಗಾರನಿಗೆ ಅಲ್ಲಿ ಇದ್ದದ್ದು ಒಂದೇ ಜಾಗ. ಪುರೋಹಿತರ ಮನೆಯ ಹುಡುಗ ಸಮುದ್ರ ದಾಟುವುದೇ, ಅದೂ ಚೆಂಡು ಒದೆಯಲು ಎಂದು ಅಜ್ಜಿ ಎರಡು ದಿನ ಮಾತು ಬಿಟ್ಟರು. ಮಾಸ್ಟರ್ ನನಗೆ ಎರಡು ಪ್ಯಾಂಟು ಹೊಲಿದುಕೊಟ್ಟು, ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತುಕೊಂಡು ಬಂದರು. ಅವರ ಕೈಯಲ್ಲಿ ಕಲಿತವರಲ್ಲಿ ಹೊರಗೆ ಹೋದವನು ನಾನೊಬ್ಬನೇ.

ದ್ವೀಪ ಎಷ್ಟು ಸಣ್ಣದೆಂದರೆ ಗೋಲ್ ಕೀಪರ್ ಜೋರಾಗಿ ಒದ್ದರೆ ಚೆಂಡು ಸಮುದ್ರದಲ್ಲಿ. ಮೀನು, ಅನ್ನ, ಬಿಸಿಲು. ಮೊದಲ ತಿಂಗಳು ಮೊಸರನ್ನ ನೆನೆದು ಕಣ್ಣೀರು ಹಾಕಿದೆ, ಸುಳ್ಳೇಕೆ. ನನ್ನ ಕೋಣೆಯಲ್ಲೇ ಇದ್ದ ನಾಯಕ ಮೀನುಗಾರ. ತುಂಡು ಹಿಂದಿಯಲ್ಲಿ ಮಾತಾಡುತ್ತಿದ್ದ, ನನ್ನ ಬಟ್ಟೆಯನ್ನೂ ತನ್ನ ಬಟ್ಟೆಯ ಜೊತೆ ಒಗೆದುಹಾಕುತ್ತಿದ್ದ. ಕೆರೆಯ ಒಡಕು ನೆಲದಲ್ಲಿ ಆಡಿ ಬಂದವನಿಗೆ ಅಲ್ಲಿನ ಮರಳು ನೆಲ ಕಷ್ಟವಾಗಲಿಲ್ಲ. ಚೆನ್ನಾಗಿಯೇ ಆಡಿದೆ. ಇನ್ನೊಂದು ವರ್ಷ ಇಟ್ಟುಕೊಳ್ಳುತ್ತೇವೆ ಎಂದು ಮ್ಯಾನೇಜರ್ ಎರಡು ಸಲ ಹೇಳಿದ್ದರು. ನನಗೂ ಬೇರೆ ಏನೂ ಬೇಕಿರಲಿಲ್ಲ.

ಕೊನೆಯ ಪಂದ್ಯ ಸಮವಾದರೂ ಸಾಕಿತ್ತು, ನಾವು ಮೇಲಿನ ದರ್ಜೆಗೆ ಹೋಗುತ್ತಿದ್ದೆವು. ಆಟ ಮುಗಿಯಲು ನಾಲ್ಕೈದು ನಿಮಿಷ ಇರಬಹುದು. ಬಲಗಡೆಯಿಂದ ನಮ್ಮ ಗೋಲಿನ ಮುಂದಕ್ಕೇ ಎತ್ತರದ ಚೆಂಡು ಬಂತು. ನಾನು ಹಾರಿದೆ. ತಲೆಗೆ ಸಿಗಲಿಲ್ಲ, ಎಡಗೈಯ ಎರಡು ಬೆರಳು ಸವರಿಕೊಂಡು ನಮ್ಮ ಕೀಪರನ ತೋಳಿಗೆ ಹೋಗಿ ಬಿತ್ತು. ಯಾರೂ ನೋಡಲಿಲ್ಲ. ರೆಫ್ರಿ ನಾಲ್ಕು ಜನರ ಹಿಂದೆ ಇದ್ದ. ಎದುರಾಳಿಗಳು ಆಗಲೇ ತಿರುಗಿ ಓಡುತ್ತಿದ್ದರು.

ನಾನು ಕೈ ಎತ್ತಿ ನಿಂತಿದ್ದೆ.

ಸತ್ಯವಂತನೆಂದು ಯಾರೂ ಹೊಗಳಬೇಡಿ. ಯೋಚನೆ ಮಾಡಲು ಒಂದು ಕ್ಷಣ ಸಿಕ್ಕಿದ್ದರೆ ಖಂಡಿತ ಎತ್ತುತ್ತಿರಲಿಲ್ಲ. ರೆಫ್ರಿ ನನ್ನನ್ನು ಪೆಚ್ಚಾಗಿ ನೋಡಿದ, ಆಮೇಲೆ ಸೀಟಿ ಊದಿದ. ಪೆನಾಲ್ಟಿ. ಗೋಲು. ಒಂದಕ್ಕೆ ಸೊನ್ನೆ.

ನಾಯಕ ಮರಳಿನ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಾ "ಯಾಕೆ?" ಎಂದು ಕೇಳಿದ. ನಮ್ಮೂರಿನಲ್ಲಿ ಹೀಗೇ ಎಂದೆ. ಅವನು ಸಿಟ್ಟು ಮಾಡಲಿಲ್ಲ. "ಇದು ನಿಮ್ಮೂರಲ್ಲ" ಎಂದಷ್ಟೇ ಹೇಳಿದ. ಆ ಸಂಜೆ ನನ್ನ ಬಟ್ಟೆ ನಾನೇ ಒಗೆದುಕೊಂಡೆ. ವಾರದೊಳಗೆ ನನ್ನ ಜಾಗ ಇನ್ನೊಬ್ಬನಿಗೆ ಹೋಯಿತು.

ಮುಳಬಾಗಿಲಿನಲ್ಲಿ ಬಸ್ಸು ಇಳಿದಾಗ ಮೊದಲು ಎದುರಾದವರು ಮಾಸ್ಟರೇ. ನನ್ನ ಚೀಲ ನೋಡಿದರು, ಮುಖ ನೋಡಿದರು. "ಏನಾಯ್ತೋ?"

"ಮಂಡಿ, ಮಾಸ್ಟರ್" ಎಂದೆ.

ಅವರು ನೊಂದುಕೊಳ್ಳುತ್ತಾರೆಂದು ಹಾಗೆ ಹೇಳಿದೆ ಅಂತ ಎಷ್ಟೋ ವರ್ಷ ನನ್ನನ್ನು ನಾನೇ ನಂಬಿಸಿಕೊಂಡೆ. ಅದು ಸುಳ್ಳು. ನಿಜ ಹೇಳಿದ್ದರೆ ಅವರು ಬೆನ್ನು ತಟ್ಟುತ್ತಿದ್ದರು, ಸರಿಯಾಗಿ ಮಾಡಿದೆ ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ಆ ಮಾತೊಂದನ್ನು ಕೇಳುವ ಶಕ್ತಿ ನನಗಿರಲಿಲ್ಲ. ನನ್ನ ಬದುಕು ಕೆಡಿಸಿದವರು ಇವರೇ ಎಂಬ ಕೋಪವಿತ್ತು.

ಅವರು ನಂಬಿದರು. ಮಾರನೇ ಸಂಜೆಯಿಂದಲೇ ಅಂಗಡಿಗೆ ಕರೆಸಿಕೊಂಡರು. ನನ್ನನ್ನು ಮರದ ಸ್ಟೂಲಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂತು, ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆಳ್ಳುಳ್ಳಿ ಹಾಕಿ ಕಾಯಿಸಿದ ಹರಳೆಣ್ಣೆ ತಿಕ್ಕಿದರು. ದೊಡ್ಡವರು ನನ್ನ ಕಾಲು ಮುಟ್ಟಬಾರದು ಎಂದರೆ, "ಸುಮ್ನಿರಲೇ" ಎಂದು ಗದರಿದರು. ನೋವು ಇಲ್ಲಿದೆಯಾ, ಇಲ್ಲಿದೆಯಾ ಎಂದು ಕೇಳಿ ಕೇಳಿ ಒತ್ತುತ್ತಿದ್ದರು. ನಾನು ಒಂದು ದಿನ ಒಳಗಡೆ ಎನ್ನುತ್ತಿದ್ದೆ, ಒಂದು ದಿನ ಹಿಂದೆ ಎನ್ನುತ್ತಿದ್ದೆ. ಎರಡು ತಿಂಗಳು ಒಂದು ಸಂಜೆಯೂ ತಪ್ಪಲಿಲ್ಲ. ಕೋಟಿನೊಳಗೆ ಹಾಕುವ ಕ್ಯಾನ್ವಾಸಿನಲ್ಲಿ ಮಂಡಿಗೊಂದು ಪಟ್ಟಿಯನ್ನೂ ಹೊಲಿದುಕೊಟ್ಟರು.

ಪಟ್ಟಿ ಕಟ್ಟಿಕೊಂಡವನು ಆಡುವುದು ಹೇಗೆ? ಹಾಗೆ ಇಪ್ಪತ್ತೇಳನೇ ವಯಸ್ಸಿಗೆ ನನ್ನ ಆಟ ನಿಂತಿತು. ಮಾಲ್ಡೀವ್ಸ್‌ನವರು ನಿಲ್ಲಿಸಿದ್ದಲ್ಲ, ನಾನೇ ನಿಲ್ಲಿಸಿಕೊಂಡದ್ದು. ಕೋಲಾರದಲ್ಲಿ ಲೆಕ್ಕಪತ್ರ ಬರೆಯುವ ಕೆಲಸಕ್ಕೆ ಸೇರಿದೆ. ಭಾನುವಾರ ಕೆರೆ ಅಂಗಳಕ್ಕೆ ಹೋಗಿ ಮಾಸ್ಟರ್ ಪಕ್ಕ ಬದುವಿನ ಮೇಲೆ ಕೂರುತ್ತಿದ್ದೆ. ಎದುರಿಗೆ ಚೆಂಡು ಬಂದಾಗ ಕಾಲು ತಾನಾಗಿ ಏಳುತ್ತಿತ್ತು, ಅದುಮಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಮಾಲೂರಿನವರ ಜೊತೆ ಪಂದ್ಯ. ಅವರ ಡಿಫೆಂಡರ್ ಒಬ್ಬ ಕೊನೆಗಳಿಗೆಯಲ್ಲಿ ಕೈ ಎತ್ತಿ ನಿಂತ. ಯಾರೂ ನೋಡಿರಲಿಲ್ಲ. ಅವರು ಸೋತರು. ಮಾಸ್ಟರ್ ಮುಖ ಅರಳಿಹೋಯಿತು. ನನ್ನ ತೋಳು ಹಿಡಿದು ಹೇಳಿದರು: "ನೋಡ್ದೇನೋ? ನಿನ್ ಮಂಡಿ ಒಂದು ಹೋಗದೇ ಇದ್ದಿದ್ರೆ, ಆ ದೇಶದೋರಿಗೂ ನೀನು ಇದನ್ನ ಕಲಿಸ್ತಿದ್ದೆ."

ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹೂಂ" ಎಂದೆ. ಅವರು ಎದ್ದುಹೋಗಿ ಆ ಮಾಲೂರಿನವನಿಗೆ ತಾವೇ ಟೀ ತುಂಬಿಸಿಕೊಟ್ಟರು. ನನಗೂ ಒಂದು ಲೋಟ ತಂದರು. ಅದನ್ನು ಕುಡಿದೆ.

ಅವರು ತೀರಿಕೊಂಡದ್ದು ಅದಾಗಿ ಐದಾರು ವರ್ಷಕ್ಕೆ. ಶುಕ್ರವಾರ ಮಧ್ಯಾಹ್ನ, ಊರಾಚೆಯ ಖಬರಸ್ತಾನದಲ್ಲಿ ಜನ ಸಾಲು ಸಾಲಾಗಿ ನಿಂತಿದ್ದರು. ನಮ್ಮ ಹಳೆಯ ತಂಡದವರು, ಶ್ರೀನಿವಾಸಪುರದವರು, ಮಾಲೂರಿನವರು ಬೇವಿನ ಮರದ ಕೆಳಗೆ ಒಂದು ಪಕ್ಕಕ್ಕೆ ನಿಂತಿದ್ದೆವು. ಅವತ್ತಾದರೂ ಹೇಳಬೇಕೆಂದುಕೊಂಡು ಬಂದಿದ್ದೆ. ಅವರ ಮಗನಿಗಾದರೂ ಸರಿ.

ಪ್ರಾರ್ಥನೆ ಶುರುವಾಗುವ ಮುಂಚೆ ಮಗನೇ ನನ್ನ ಕಡೆ ಬಂದರು. ಅತ್ತು ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಅಂಗಡಿಯ ಆ ಮರದ ಸ್ಟೂಲು ಇತ್ತು.

"ಅಬ್ಬಾ ಯಾವಾಗ್ಲೂ ಹೇಳ್ತಿದ್ರು, ನಿಮಗೆ ಜಾಸ್ತಿ ಹೊತ್ತು ನಿಂತ್ಕೊಳ್ಳೋಕಾಗಲ್ಲ ಅಂತ" ಎಂದರು. "ಕೂತ್ಕೊಳ್ಳಿ."

ಎದುರಿನ ಸಾಲಿನಲ್ಲಿ ನಮ್ಮಪ್ಪನ ವಯಸ್ಸಿನವರೆಲ್ಲ ನಿಂತೇ ಇದ್ದರು. ನಾನು ಕೂತೆ.